ಗಾಜಿನ ಆಚೆ ಬದಿ

ತುತ್ತತುದಿಯ ಮಹಡಿಯಲ್ಲಿ ಮನೆ ಮಾಡಿಸಿಕೊಳ್ಳುವವರು ಮೊದಲು ಕೇಳುವುದು ಅಡುಗೆಮನೆಯನ್ನಲ್ಲ, ನೋಟವನ್ನು. ಪೆಂಟ್‌ಹೌಸಿನ ನಕ್ಷೆಯಲ್ಲಿ ಸೋಫಾ ಎಲ್ಲಿರಬೇಕು, ಮಕ್ಕಳ ಕೋಣೆ ಯಾವ ಕಡೆ ತೆರೆಯಬೇಕು ಎಂಬುದನ್ನೆಲ್ಲ ಹೊರಗಿನ ನದಿಯೋ ಕೆರೆಯೋ ನಿರ್ಧರಿಸುತ್ತದೆ. ಗೋಡೆಯಿರಬೇಕಾದಲ್ಲಿ ನೆಲದಿಂದ ಸೂರಿನವರೆಗೆ ಗಾಜು ಬರುತ್ತದೆ. ಆ ಗಾಜಿಗೆ ಇನ್ನೊಂದು ಬದಿಯೂ ಇದೆ ಎಂಬುದು ಅಷ್ಟಾಗಿ ಹೊಳೆಯುವುದಿಲ್ಲ. ಅಷ್ಟು ಮೇಲೆ ಬಂದು ನಮ್ಮನ್ನು ನೋಡುವವರಾದರೂ ಯಾರು, ಹದ್ದು ನೋಡಬೇಕು. (ನನ್ನ ಹಾಸ್ಟೆಲ್ ಕಿಟಕಿಯಿಂದ ಕಾಣುವುದು ನೀರಿನ ಟ್ಯಾಂಕ್ ಮಾತ್ರ. ಹಾಗಾಗಿ ಇಲ್ಲಿ ಒಂದಿಷ್ಟು ಹೊಟ್ಟೆಕಿಚ್ಚೂ ಸೇರಿರಬಹುದು.)

ಲಂಡನ್ನಿನಲ್ಲಿ, ಥೇಮ್ಸ್ ನದಿಯ ದಕ್ಷಿಣ ದಂಡೆಯ ನಿಯೋ ಬ್ಯಾಂಕ್‌ಸೈಡ್ ಎಂಬ ವಸತಿ ಸಂಕೀರ್ಣದಲ್ಲಿ, ಮನುಷ್ಯರೇ ನೋಡಿದರು. ರಿಚರ್ಡ್ ರೋಜರ್ಸ್ ಅವರ ಸಂಸ್ಥೆ ವಿನ್ಯಾಸ ಮಾಡಿದ, 2012ರಲ್ಲಿ ಮುಗಿದ ಈ ದುಬಾರಿ ಫ್ಲ್ಯಾಟುಗಳ ಗೋಡೆಗಳು ಬಹುಪಾಲು ಗಾಜು. 2016ರಲ್ಲಿ ಪಕ್ಕದ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯ ತನ್ನ ಹೊಸ ಕಟ್ಟಡದ ಹತ್ತನೆಯ ಮಹಡಿಯಲ್ಲಿ, ನಾಲ್ಕೂ ಕಡೆ ಸುತ್ತಾಡಿ ನಗರ ನೋಡಬಹುದಾದ ಅಟ್ಟಣೆಯೊಂದನ್ನು ತೆರೆಯಿತು. ಪ್ರವೇಶ ಉಚಿತ. ವರ್ಷಕ್ಕೆ 5ರಿಂದ 6 ಲಕ್ಷ ಜನ ಬಂದರು. ಲಂಡನ್ ನೋಡಿದರು, ಆಮೇಲೆ ತಿರುಗಿ ಎದುರಿನ ಮನೆಗಳ ಒಳಗನ್ನೂ ನೋಡಿದರು, ಫೋಟೋ ತೆಗೆದರು. ಕೆಲವರ ಬಳಿ ಬೈನಾಕ್ಯುಲರ್ ಕೂಡ ಇತ್ತು. ನಾಲ್ಕು ಫ್ಲ್ಯಾಟುಗಳ ಮಾಲೀಕರು ಕೋರ್ಟಿಗೆ ಹೋದರು.

2019ರಲ್ಲಿ ಹೈಕೋರ್ಟ್ ಹೇಳಿದ್ದರ ಸಾರಾಂಶ: ಗಾಜಿನ ಮನೆ ಆರಿಸಿಕೊಂಡವರು ನೀವು, ಪರದೆ ಎಳೆದುಕೊಳ್ಳಿ. ಮರುವರ್ಷ ಮೇಲ್ಮನವಿಯಲ್ಲೂ ಸೋಲಾಯಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ಮೂವರು ನ್ಯಾಯಮೂರ್ತಿಗಳು ಮಾಲೀಕರ ಪರ ನಿಂತರು. ಬಹುಮತದ ತೀರ್ಪು ಬರೆದ ಲಾರ್ಡ್ ಲೆಗಟ್, ಇದು ಮೃಗಾಲಯದಲ್ಲಿ ಪ್ರದರ್ಶನಕ್ಕಿಟ್ಟ ಹಾಗೆ ಎಂದರು. ಪರಿಹಾರ ಏನೆಂಬುದನ್ನು ಮತ್ತೆ ಹೈಕೋರ್ಟಿಗೇ ಬಿಟ್ಟರು.

ನನಗೆ ತೀರ್ಪು ಸರಿಯೆನಿಸುತ್ತದೆ. ಎದುರು ಮನೆಯವರ ಕಣ್ಣು ಆಗೊಮ್ಮೆ ಈಗೊಮ್ಮೆ ನಮ್ಮ ಕಡೆ ಬೀಳುವುದು ಬೇರೆ. ದಿನವಿಡೀ ಸರದಿಯಲ್ಲಿ ನಿಂತು ನೋಡುವವರ ಎದುರು ಮಗುವಿಗೆ ಊಟ ಮಾಡಿಸುವುದು ಬೇರೆ. ಮನೆ ಕೊಂಡವರು ಹಿರಿಯರು. ಆ ಗಾಜನ್ನು ಮಗು ಆರಿಸಿಕೊಂಡಿರುವುದಿಲ್ಲ. ಆದರೂ ಒಂದು ಕಿರಿಕಿರಿ ಉಳಿಯುತ್ತದೆ. ಇಂಗ್ಲಿಷ್ ಕಾನೂನಿನಲ್ಲಿ 1610ರ ಆಲ್ಡ್ರೆಡ್ ಪ್ರಕರಣದಿಂದ ಬಂದ ಹಳೆಯ ನಿಯಮವಿದೆ: ಸುಂದರ ನೋಟ ಸಂತೋಷಕ್ಕೆ, ಅಗತ್ಯಕ್ಕಲ್ಲ; ಅದು ಮುಚ್ಚಿಹೋದರೆ ದಾವೆ ಹೂಡುವಂತಿಲ್ಲ. ಪೆಂಟ್‌ಹೌಸಿಗೆ ಕೊಡುವ ಹೆಚ್ಚಿನ ಹಣವೆಲ್ಲ ಕಾನೂನು ಕಾಪಾಡದ ಈ ವಸ್ತುವಿಗಾಗಿ! ಕೊಂಡವರಿಗೆ ಸಿಕ್ಕಿದ್ದು ಗಾಜು ಮಾತ್ರ. ನದಿ, ಗೋಪುರ, ಆಕಾಶ ಊರಿನವು. ಹತ್ತನೆಯ ಮಹಡಿಯ ಅಟ್ಟಣೆ ಅದೇ ನೋಟವನ್ನು ಬಿಟ್ಟಿಯಾಗಿ ಎಲ್ಲರಿಗೂ ಕೊಟ್ಟಿತ್ತು. ಶಾಲೆಯ ಹುಡುಗಿಯೊಬ್ಬಳು ಅಲ್ಲಿ ನಿಂತು ತನ್ನ ಊರನ್ನು ಮೊದಲ ಸಲ ಇಡಿಯಾಗಿ ನೋಡಬಹುದಿತ್ತು. ಆ ನೋಟದಲ್ಲಿ ಯಾರದೋ ಬೈಠಕ್‌ಖಾನೆಯೂ ಸೇರಿತ್ತು ಎಂಬುದು ಅವಳ ತಪ್ಪಲ್ಲ.

ಕಾಣಬೇಕು, ಕಾಣಿಸಿಕೊಳ್ಳಬಾರದು. ಎತ್ತರದ ಮನೆಗಳ ಒಳಗಿನ ಆಸೆ ಇದೇ ಎಂದು ನನ್ನ ಅನುಮಾನ. ಅದನ್ನು ಮುಚ್ಚುಮರೆಯಿಲ್ಲದೆ ಕಟ್ಟಿದ ಉದಾಹರಣೆಯೂ ಇದೆ. ಮುಂದೆ ಚಂಡೀಗಢವನ್ನು ರೂಪಿಸಿದ ಲೆ ಕಾರ್ಬೂಸಿಯೆ 1930ರ ಆಸುಪಾಸಿನಲ್ಲಿ ಪ್ಯಾರಿಸ್ಸಿನ ಶಾಂಜೆಲಿಜೆ ಬೀದಿಯ ಕಟ್ಟಡವೊಂದರ ತಾರಸಿಯಲ್ಲಿ ಶಾರ್ಲ್ ದ ಬೆಸ್ತೆಗಿ ಎಂಬ ಸಿರಿವಂತನಿಗೆ ಮನೆ ಮಾಡಿಕೊಟ್ಟ. ಕರೆಂಟು ಇದ್ದದ್ದು ಗಿಡದ ಬೇಲಿಗಳನ್ನು ಸರಿಸಲು. ಬೆಳಕಿಗೆ ಮೇಣದ ಬತ್ತಿ. ಎಲ್ಲಕ್ಕಿಂತ ಮೇಲೆ ಸೂರಿಲ್ಲದ ಒಂದು ಕೋಣೆ, ನೆಲಕ್ಕೆ ಹುಲ್ಲು, ಸುತ್ತ ಎತ್ತರದ ಗೋಡೆ. ಅದರ ಮೇಲಿನಿಂದ ವಿಜಯ ಕಮಾನಿನಂಥ ಕೆಲವು ಸ್ಮಾರಕಗಳ ತುದಿಯಷ್ಟೇ ಕಾಣುತ್ತಿತ್ತು. ಉಳಿದ ಪ್ಯಾರಿಸ್ ಬೇಕಾದರೆ ಪೆರಿಸ್ಕೋಪಿನಲ್ಲಿ ನೋಡಬೇಕು, ಜಲಾಂತರ್ಗಾಮಿಯೊಳಗಿಂದ ನೋಡಿದ ಹಾಗೆ.

ಇದಕ್ಕೆ ತದ್ವಿರುದ್ಧವೆಂದು ನಮ್ಮ ಜಗಲಿಯನ್ನು ತೋರಿಸುವ ಆಸೆಯಾಗುತ್ತದೆ. ಅಲ್ಲಿ ಕೂತು ಬೀದಿ ನೋಡುವವರನ್ನು ಬೀದಿಯೂ ನೋಡುತ್ತದೆ, ‘ಊಟ ಆಯ್ತಾ’ ಎಂದು ಕೇಳುತ್ತದೆ. ಆದರೆ ಎಷ್ಟೋ ಊರುಗಳಲ್ಲಿ ಕೆಲವರಿಗೆ ಆ ಜಗಲಿ ಹತ್ತುವಂತಿರಲಿಲ್ಲ. ಎಷ್ಟೋ ಹೆಂಗಸರು ಬೀದಿಯನ್ನು ಕಂಡದ್ದು ಕಿಟಕಿಯ ಸರಳುಗಳ ಹಿಂದಿನಿಂದ. ಅವರ ನೋಟವೂ ಏಕಮುಖವೇ. ಆದರೆ ಅದನ್ನು ಅವರು ಆರಿಸಿಕೊಂಡಿರಲಿಲ್ಲ, ಅದಕ್ಕೆ ಯಾರೂ ಬೆಲೆ ಕಟ್ಟಿರಲೂ ಇಲ್ಲ.

ಬೆಂಗಳೂರಿನ ‘ಲೇಕ್ ವ್ಯೂ’ ಜಾಹೀರಾತುಗಳನ್ನು ನೋಡುವಾಗಲೆಲ್ಲ ನಾನು ಆ ಕೆರೆಯ ದಂಡೆಯಲ್ಲಿ ನಿಂತವರಿಗೆ ಏನು ಕಾಣುತ್ತದೆ ಎಂದು ಯೋಚಿಸುತ್ತೇನೆ. ಜಾಹೀರಾತಿನ ಚಿತ್ರವನ್ನು ಆ ಕಡೆಯಿಂದ ಯಾರೂ ತೆಗೆಯುವುದಿಲ್ಲ. ಅಂಥ ಮನೆಯ ನಕ್ಷೆಯೊಂದು ನನ್ನ ಕೈಗೆ ಬಂದರೆ ಮೊದಲು ಹುಡುಕುವುದು, ಮನೆಯವರಲ್ಲಿ ಯಾರಿಗಾದರೂ ಒಬ್ಬರೇ ಕೂತು ಅಳಬೇಕೆನಿಸಿದರೆ ಎಲ್ಲಿಗೆ ಹೋಗುತ್ತಾರೆ ಎಂಬುದನ್ನು. ಆಮೇಲೆ, ಆ ಗಾಜನ್ನು ಹೊರಗಿನಿಂದ ಹಗ್ಗಕ್ಕೆ ಜೋತುಬಿದ್ದು ಒರೆಸುವವನು ಬಂದಾಗ ಒಳಗಿದ್ದವರು ಏನು ಮಾಡುತ್ತಾರೆ ಎಂಬುದನ್ನು.