ಗಡಿಯಾರ ಜಾತಿ ಕೇಳುವುದಿಲ್ಲ





ಹೋದ ವರ್ಷ ನಾಲ್ಕು ತಿಂಗಳು ನಾನು ನ್ಯೂಯಾರ್ಕಿನಲ್ಲಿ ಅಕ್ಕನ ಮಗನ ಮನೆಯಲ್ಲಿದ್ದೆ. ಬಾಬಾಸಾಹೇಬರು 1913ರಿಂದ 1916ರವರೆಗೆ ಓದಿದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು, ಅಲ್ಲಿನ ಲೇಮನ್ ಗ್ರಂಥಾಲಯದಲ್ಲಿ ಅವರ ಪುತ್ಥಳಿಯ ಮುಂದೆ ನಿಂತದ್ದು ಎಲ್ಲ ಬಳಗದಲ್ಲಿ ಹೇಳಿದ್ದೇನೆ. ಹೇಳದೆ ಉಳಿಸಿಕೊಂಡ ಒಂದು ವಿಷಯವಿದೆ. ಅದು ಸೈಕಲ್ಲಿನದು.

ಕೊಲಂಬಿಯಾದಿಂದ ನಡೆದು ಹೋಗುವಷ್ಟು ದೂರದಲ್ಲಿ ಸೆಂಟ್ರಲ್ ಪಾರ್ಕ್. 110ನೇ ಬೀದಿಯಿಂದ 59ನೇ ಬೀದಿಯವರೆಗೆ ಹಬ್ಬಿದೆ, 843 ಎಕರೆ. ಒಳಗೆ ಒಂದು ಸುತ್ತು ರಸ್ತೆ. ಪೂರ್ತಿ ಸುತ್ತಿದರೆ ಸುಮಾರು 9.8 ಕಿಲೋಮೀಟರ್. 2018ರಿಂದ ಆ ರಸ್ತೆಗೆ ಕಾರು ಬಿಡುವುದಿಲ್ಲ. ಸೈಕಲ್ಲುಗಳೆಲ್ಲ ಒಂದೇ ದಿಕ್ಕಿಗೆ ಹೋಗಬೇಕು, ಗಡಿಯಾರದ ಮುಳ್ಳಿಗೆ ಎದುರಾಗಿ. ನಾವು ಸ್ತೂಪ ಸುತ್ತುವುದಕ್ಕೆ ತದ್ವಿರುದ್ಧ ಎಂದು ಮೊದಲ ದಿನ ನನಗೆ ನಗು ಬಂತು.

ಪಾರ್ಕು ಅಂದರೆ ಸಮತಟ್ಟು ಅಂದುಕೊಂಡಿದ್ದೆ. ಅಲ್ಲ. ಉತ್ತರದ ತುದಿಯಲ್ಲಿ ಹಾರ್ಲೆಮ್ ಹಿಲ್ ಎಂಬ ಏರು, ಅರ್ಧ ಕಿಲೋಮೀಟರಿನ ಆಸುಪಾಸು. ಅದು ಮುಗಿದ ಮೇಲೆ ಪಶ್ಚಿಮದ ಕಡೆ ಸಣ್ಣ ಸಣ್ಣ ಮೂರು ದಿಬ್ಬ. ದಕ್ಷಿಣದ ತುದಿ ತಿರುಗಿ ಪೂರ್ವದ ಕಡೆ ಬಂದರೆ ಮತ್ತೊಂದು ಏರು. ಅದರ ಪಕ್ಕದ ಬಂಡೆಯ ಮೇಲೆ ಕಂಚಿನ ಚಿರತೆಯೊಂದು ಹೊಂಚು ಹಾಕಿ ಕೂತಿದೆ. ಮೊದಲ ಸಲ ನೋಡಿದಾಗ ನಿಜಕ್ಕೂ ಬೆಚ್ಚಿದೆ.

ನನ್ನ ಅಕ್ಕನ ಮಗ ಬೆಳಿಗ್ಗೆ ಆರಕ್ಕೆ ಹೊರಟು ಈ ಸುತ್ತನ್ನು ಎರಡು ಸಲ ಹಾಕುತ್ತಾನೆ. ಒಂದು ಸುತ್ತು 18 ನಿಮಿಷದೊಳಗೆ ಮುಗಿಯಬೇಕು, ಅದೊಂದೇ ಅವನ ಗುರಿ. ನಾನಿದ್ದಾಗ 18 ನಿಮಿಷ 9 ಸೆಕೆಂಡಿಗೆ ಬಂದು ನಿಂತಿದ್ದ. ಆ ಒಂಬತ್ತು ಸೆಕೆಂಡು ನಮ್ಮ ಮನೆಯ ಮೂರನೇ ಸದಸ್ಯ. ಅದು ಎಂಟಾದ ದಿನ ದೋಸೆಗೆ ಚಟ್ನಿ ರುಬ್ಬುತ್ತಿದ್ದ, ಹದಿನೈದಾದ ದಿನ ಮಾತೇ ಇಲ್ಲ.

ಒಂದು ರಾತ್ರಿ ಕೇಳಿದೆ, "ಯಾಕೋ ಇಷ್ಟೊಂದು? ಯಾರ ಜೊತೆ ಪಂದ್ಯ ನಿಂದು?"

"ಯಾರ ಜೊತೆನೂ ಇಲ್ಲ ಮಾವ, ನನ್ನ ಜೊತೆನೇ," ಎಂದ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಸೇರಿಸಿದ. "ಕಾಲೇಜಲ್ಲಿ ಮೊದಲ ವಾರ ಹಾಸ್ಟೆಲಿನಲ್ಲಿ ಎಲ್ಲರೂ ನನ್ನ ಸಿಇಟಿ ರ‍್ಯಾಂಕ್ ಕೇಳಿದ್ರು. ಯಾಕೆ ಕೇಳ್ತಿದ್ರು ಅಂತ ನಿಮಗೆ ಗೊತ್ತು. ಈ ಗಡಿಯಾರ ಜಾತಿ ಕೇಳಲ್ಲ ಮಾವ."

ನನ್ನ ಬಾಯಿ ಕಟ್ಟಿತು. ಅದಕ್ಕೆ ಏನು ಎದುರು ಹೇಳಲಿ? ನಮ್ಮವರು ಎಷ್ಟು ಚೆನ್ನಾಗಿ ಮಾಡಿದರೂ "ಕೋಟಾ" ಎಂದು ಒಂದು ಪದ ಅಂಟಿಸುತ್ತಾರೆ. ಹಾರ್ಲೆಮ್ ಹಿಲ್ ಅಂಟಿಸುವುದಿಲ್ಲ. ಹತ್ತಿದರೆ ಹತ್ತಿದೆ, ಇಲ್ಲವಾದರೆ ಇಲ್ಲ.

ಇದಾದ ಒಂದು ವಾರಕ್ಕೆ, ಒಂದು ಶನಿವಾರ ಬೆಳಿಗ್ಗೆ, ಅವನು ಸುತ್ತು ಹಾಕುವಾಗ ನಾನು ಪಾರ್ಕಿನ ಪಶ್ಚಿಮದ ಕಡೆ ನಡೆಯುತ್ತಿದ್ದೆ. 82 ಮತ್ತು 89ನೇ ಬೀದಿಗಳ ನೇರಕ್ಕೆ ಕೆಲವು ಮಾಹಿತಿ ಫಲಕಗಳಿವೆ. ಅಲ್ಲಿ ಸೆನೆಕಾ ವಿಲೇಜ್ ಎಂಬ ಊರಿತ್ತು. 1825ರಲ್ಲಿ ಕಪ್ಪು ಜನ ಜಾಗ ಕೊಂಡು ಕಟ್ಟಿಕೊಂಡ ಊರು. ಮನೆ, ತೋಟ, ಮೂರು ಚರ್ಚು, ಒಂದು ಶಾಲೆ. 1855ರ ಹೊತ್ತಿಗೆ ಸುಮಾರು 225 ಜನ. ಆಗ ನ್ಯೂಯಾರ್ಕಿನಲ್ಲಿ ಕಪ್ಪು ಗಂಡಸಿಗೆ ಮತ ಹಾಕಬೇಕಾದರೆ 250 ಡಾಲರ್ ಬೆಲೆಯ ಆಸ್ತಿ ಇರಬೇಕಿತ್ತು. ಬಿಳಿಯರಿಗೆ ಆ ಷರತ್ತಿಲ್ಲ. ಹಾಗಾಗಿ ಆ ಜನಕ್ಕೆ ತುಂಡು ಭೂಮಿ ಅಂದರೆ ಮನೆಯಷ್ಟೇ ಅಲ್ಲ, ಮತವೂ ಹೌದು. 1857ರಲ್ಲಿ ಪಾರ್ಕಿಗೆಂದು ಎಲ್ಲರನ್ನೂ ಎಬ್ಬಿಸಿದರು. ಪರಿಹಾರ ಕೊಟ್ಟರು ಅನ್ನಿ. ಊರು ಮಾತ್ರ ಇನ್ನೆಲ್ಲೂ ಮತ್ತೆ ಕೂಡಲಿಲ್ಲ.

ನಾನು ಆ ಫಲಕ ಓದುತ್ತಾ ನಿಂತಿದ್ದೆ. ಹಿಂದಿನ ರಸ್ತೆಯಲ್ಲಿ ಜೀಬ್ರಾ ಪಟ್ಟೆಯ ಮೇಲೆ ಒಬ್ಬ ಅಜ್ಜಿ ವಾಕರ್ ಹಿಡಿದು ದಾಟುತ್ತಿದ್ದರು. ಅಷ್ಟರಲ್ಲಿ "ಮೂವ್! ಮೂವ್!" ಎಂದು ಯಾರೋ ಅರಚಿದ್ದು ಕೇಳಿತು. ತಿರುಗಿದರೆ ನಮ್ಮ ಹುಡುಗನೇ. ಅಜ್ಜಿ ಗಾಬರಿಯಿಂದ ಹಿಂದೆ ಸರಿದರು. ಇವನು ಅವರ ಮುಂದಿನಿಂದ ಸುಂಯ್ ಎಂದು ಹೋದ. ನನ್ನನ್ನು ನೋಡಲೂ ಇಲ್ಲ.

ಅಜ್ಜಿಗೆ ಏನೂ ಆಗಲಿಲ್ಲ. ಕೈ ಹಿಡಿದು ದಾಟಿಸಿದೆ. ಆದರೆ ಆ ಕೂಗು ನನ್ನ ಕಿವಿಯಲ್ಲಿ ಕನ್ನಡದಲ್ಲೇ ಕೇಳಿತ್ತು. "ದೂರ ಸರಿ." ನಂಜನಗೂಡಿನ ಕಡೆಯ ನಮ್ಮ ಹಳ್ಳಿಯಲ್ಲಿ ನನ್ನ ಅಪ್ಪ ಚಿಕ್ಕವರಿದ್ದಾಗ ಬೀದಿಯ ನಡುವೆ ನಡೆಯುವ ಹಾಗಿರಲಿಲ್ಲ. ಎದುರಿಗೆ ಯಾರಾದರೂ ಬಂದರೆ ಚಪ್ಪಲಿ ಕೈಗೆ ತಗೊಂಡು ಚರಂಡಿಯ ಕಡೆ ಇಳಿಯಬೇಕಿತ್ತು. ಆ ಅಪ್ಪನ ಮೊಮ್ಮಗ ಇವನು. ಕೂಗಿದ್ದು ಜಾತಿಗಾಗಿ ಅಲ್ಲ, ಒಂಬತ್ತು ಸೆಕೆಂಡಿಗಾಗಿ. ಆದರೆ ದಾರಿಯಿಂದ ಇಳಿಯುವವರಿಗೆ ಕಾರಣ ಯಾವುದಾದರೇನು?

ಅವನ ಮೇಲೆ ತೀರ್ಪು ಕೊಡುವ ಮೊದಲು ನನ್ನದೂ ಹೇಳಿಬಿಡುತ್ತೇನೆ. ಬಾಡಿಗೆಯ ನೀಲಿ ಸೈಕಲ್ ತಗೊಂಡು ನಾನೂ ಒಂದು ಸುತ್ತು ಹಾಕಿದೆ. 47 ನಿಮಿಷ. ಹಾರ್ಲೆಮ್ ಹಿಲ್ಲಿನಲ್ಲಿ ಇಳಿದು ತಳ್ಳಿದೆ. ಎರಡನೇ ಸಲ 44. ಅವತ್ತು ಚಿರತೆಯ ಏರಿನಲ್ಲಿ ನನಗಿಂತ ವಯಸ್ಸಾದ ಒಬ್ಬರನ್ನು ಹಿಂದೆ ಹಾಕಿದೆ. ಎದೆಯಲ್ಲಿ ಏನೋ ಉಬ್ಬಿತು ನೋಡಿ, ಅರವತ್ತೆರಡನೇ ವಯಸ್ಸಿನಲ್ಲಿ! ಆ ಮನುಷ್ಯ ನನ್ನನ್ನು ನೋಡಿ ನಕ್ಕು ಕೈ ಬೀಸಿದ. ನಾವಿಬ್ಬರೂ ಪಂದ್ಯದಲ್ಲಿದ್ದೇವೆಂದು ಅವನಿಗೆ ಗೊತ್ತೇ ಇರಲಿಲ್ಲ.

ಧಮ್ಮದಲ್ಲಿ ಇದಕ್ಕೆ ಮಾನ ಎಂದು ಹೆಸರು. ನಾನು ಮೇಲು ಅನ್ನುವುದು ಮಾನ. ನಾನು ಕೀಳು ಅನ್ನುವುದೂ ಮಾನ. ನಾನು ಸಮ ಎಂದು ಅಳೆದುಕೊಳ್ಳುವುದೂ ಮಾನವೇ. ಈ ಮೂರನೆಯದನ್ನು ನಮ್ಮ ಬಳಗದಲ್ಲಿ ಓದಿದಾಗಲೆಲ್ಲ ಜಗಳವಾಗುತ್ತದೆ, ಆಗಬೇಕಾದದ್ದೇ. ಸಾವಿರಾರು ವರ್ಷ ಕೀಳು ಅನ್ನಿಸಿಕೊಂಡವರು ಸಮ ಎಂದು ಎದ್ದು ನಿಂತಾಗ ಅದನ್ನೂ ಬಿಡು ಅನ್ನುವುದು ನ್ಯಾಯವೇ? ಬಾಬಾಸಾಹೇಬರು ನಮಗೆ ಮೊದಲು ಕಲಿಸಿದ್ದು ಸ್ವಾಭಿಮಾನ. ಅದನ್ನು ಬಿಡುವ ಮಾತೇ ಇಲ್ಲ. ನನ್ನ ತಿಳಿವಳಿಕೆ ಇಷ್ಟು: ಸ್ವಾಭಿಮಾನಕ್ಕೆ ಕೆಳಗೆ ಒಬ್ಬರು ಬೇಕಾಗಿಲ್ಲ. ಮಾನಕ್ಕೆ ಬೇಕು, ಕಡೆಗೆ ನಿನ್ನೆಯ ನಾನಾದರೂ ಕೆಳಗಿರಬೇಕು. ಅದಕ್ಕೇ ಹುಡುಗ "ನನ್ನ ಜೊತೆನೇ ಪಂದ್ಯ" ಅಂದಾಗ ನಾನು ಪೂರ್ತಿ ನಂಬಲಿಲ್ಲ. ಅವನ ಫೋನಿನಲ್ಲಿ ಸ್ಟ್ರಾವಾ ಇದೆ. ಪ್ರತಿ ಏರಿಗೂ ಅದರಲ್ಲಿ ಒಂದು ಪಟ್ಟಿ, ಯಾರು ಯಾರ ಮೇಲೆ, ಯಾರು ಯಾರ ಕೆಳಗೆ. ಶ್ರೇಣಿ ಅಂದರೆ ಏನು ಅಂತ ನಮಗೆ ಯಾರೂ ಪಾಠ ಮಾಡಬೇಕಾಗಿಲ್ಲ.

ಗಡಿಯಾರ ಜಾತಿ ಕೇಳುವುದಿಲ್ಲ, ಸರಿ. ಆದರೆ ಗಡಿಯಾರ ಹಿಡಿದವರು ಕೇಳುತ್ತಾರೆ. ಮಾರ್ಷಲ್ ಟೇಲರ್ ಎಂಬ ಕಪ್ಪು ಸೈಕಲ್ ಪಟುವಿನ ಕಥೆ ಹುಡುಗನಿಗೂ ಗೊತ್ತಿರಲಿಲ್ಲ. ಮೇಜರ್ ಟೇಲರ್ ಎಂದೇ ಪ್ರಸಿದ್ಧ, 1878ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಹುಟ್ಟಿದವನು. 1894ರಲ್ಲಿ ಅಮೆರಿಕದ ಸೈಕಲ್ ಸವಾರರ ಸಂಘ, ಬಿಳಿಯರಿಗೆ ಮಾತ್ರ ಸದಸ್ಯತ್ವ ಎಂದು ನಿಯಮ ಮಾಡಿತು. 1896ರಲ್ಲಿ ಈ ಹುಡುಗ ತನ್ನೂರಿನ ಟ್ರ್ಯಾಕಿನಲ್ಲಿ ಒಬ್ಬನೇ ಗಡಿಯಾರದ ಎದುರು ಓಡಿಸಿ ಅಲ್ಲಿನ ದಾಖಲೆ ಮುರಿದ. ಅದನ್ನು ಅಧಿಕೃತ ಎಂದು ಒಪ್ಪಲಿಲ್ಲ, ಮೇಲಾಗಿ ಅವನಿಗೆ ಆ ಟ್ರ್ಯಾಕನ್ನೇ ಮುಚ್ಚಿದರು. ಮರುವರ್ಷ ಮ್ಯಾಸಚೂಸೆಟ್ಸ್‌ನ ಟಾಂಟನ್‌ನಲ್ಲಿ ಪಂದ್ಯ ಮುಗಿದ ಮೇಲೆ ಬಿಳಿಯ ಸವಾರನೊಬ್ಬ ಇವನನ್ನು ಕೆಳಗೆ ಕೆಡವಿ ಕತ್ತು ಹಿಸುಕಿದ. 1899ರಲ್ಲಿ ಮಾಂಟ್ರಿಯಲ್‌ನಲ್ಲಿ ಟೇಲರ್ ಒಂದು ಮೈಲಿಯ ವಿಶ್ವ ಚಾಂಪಿಯನ್ ಆದ. 1932ರಲ್ಲಿ ಶಿಕಾಗೋದಲ್ಲಿ ಬಡವನಾಗಿ ಸತ್ತ. ಅವನ ಸಮಯಗಳು ಅವತ್ತೂ ನಿಜವಾಗಿದ್ದವು. ಬರೆದುಕೊಳ್ಳುವವರಿಗೆ ಮನಸ್ಸಿರಲಿಲ್ಲ.

ಇದನ್ನು ಹೇಳಿದಾಗ ಹುಡುಗ, "ಅದಕ್ಕೇ ಮಾವ ನಾನು ಬಿಡಲ್ಲ ಅನ್ನೋದು," ಎಂದ. ಅದೂ ಸರಿಯೇ ಅನ್ನಿಸಿತು. ಅಳೆಯುವುದನ್ನು ಬಿಡು ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ. ಅಜ್ಜಿಯ ವಿಷಯ ಮಾತ್ರ ಎತ್ತಿದೆ. "ಅವ್ರು ಸರಿಯಾಗಿ ನೋಡ್ದೆ ಬಂದ್ರು," ಎಂದ. "ನಿಮ್ಮ ತಾತನಿಗೂ ಹಾಗೇ ಅಂತಿದ್ರು ಕಣೋ," ಎಂದೆ. ಎದ್ದು ಹೋದ. ನಾನು ಹಾಗೆ ಹೇಳಬಾರದಿತ್ತೋ ಏನೋ, ಈಗಲೂ ತಿಳಿಯದು.

ಸೋಣ ಕೋಳಿವೀಸನ ಕಥೆ ನಿಮಗೆ ಗೊತ್ತಿದೆ. ಸಿರಿವಂತನ ಮಗ, ಮೆತ್ತನೆಯ ಪಾದ. ಭಿಕ್ಖುವಾದ ಮೇಲೆ ಚಂಕಮಣದ ಹಾದಿಯಲ್ಲಿ ಅತ್ತಿಂದಿತ್ತ ನಡೆದೂ ನಡೆದೂ ಹಾದಿಯೆಲ್ಲ ರಕ್ತವಾಯಿತು. ಭಗವಾನರು ಬಂದು ವೀಣೆಯ ತಂತಿಯ ಮಾತು ಹೇಳಿದರು, ತೀರಾ ಬಿಗಿಯೂ ಬೇಡ, ತೀರಾ ಸಡಿಲವೂ ಬೇಡ ಎಂದು. ನಾವು ಪ್ರವಚನದಲ್ಲಿ ಇಲ್ಲಿಗೇ ನಿಲ್ಲಿಸುತ್ತೇವೆ. ವಿನಯದಲ್ಲಿ ಕಥೆ ಇನ್ನೂ ಸ್ವಲ್ಪ ಇದೆ, ನನಗೆ ಅದೇ ಹೆಚ್ಚು ಇಷ್ಟ. ನಿನ್ನ ಪಾದ ಮೃದು, ನೀನು ಚಪ್ಪಲಿ ಹಾಕಿಕೋ ಎಂದು ಭಗವಾನರು ಅನುಮತಿ ಕೊಟ್ಟರು. ನನಗೊಬ್ಬನಿಗೇ ಆದರೆ ಬೇಡ, ಸಂಘಕ್ಕೆಲ್ಲ ಕೊಟ್ಟರೆ ನಾನೂ ಹಾಕಿಕೊಳ್ಳುತ್ತೇನೆ ಎಂದ ಸೋಣ. ಎಲ್ಲರಿಗೂ ಅನುಮತಿಯಾಯಿತು. ಚಪ್ಪಲಿ ಹೊಲಿದು, ಅದನ್ನೇ ಕೈಯಲ್ಲಿ ಹಿಡಿದು ನಡೆದವರ ಮಕ್ಕಳಾದ ನಾವು ಈ ಭಾಗವನ್ನು ಯಾಕೆ ಓದುವುದಿಲ್ಲವೋ!

ನಾನು ಊರಿಗೆ ಹೊರಡುವ ಹಿಂದಿನ ವಾರ ಹುಡುಗ ತಾನಾಗಿಯೇ ಒಂದು ಬದಲಾವಣೆ ಮಾಡಿಕೊಂಡ. ಈಗ ಪೂರ್ತಿ ಸುತ್ತನ್ನು ಅಳೆಯುವುದಿಲ್ಲ. ಹಾರ್ಲೆಮ್ ಹಿಲ್ ಏರುವಷ್ಟನ್ನು ಮಾತ್ರ ಅಳೆಯುತ್ತಾನೆ. ಏರಿನಲ್ಲಿ ವೇಗ ಕಡಿಮೆ, ಯಾರಾದರೂ ಅಡ್ಡ ಬಂದರೆ ನಿಲ್ಲಬಹುದು. ಅಲ್ಲಿ ತೊಂದರೆ ಕೊಡುವುದು ನಮ್ಮ ಮೈಭಾರ ಒಂದೇ. ಉಳಿದ ದಾರಿಯಲ್ಲಿ ವಾಚಿನ ಗುಂಡಿ ಒತ್ತಿ ನಿಲ್ಲಿಸಿಬಿಡುತ್ತಾನಂತೆ.

ಮೊನ್ನೆ ಭಾನುವಾರ ಅವನಿಂದ ಮೆಸೇಜು ಬಂತು. "ಮಾವ, ಬೆಟ್ಟದ ಬುಡದಲ್ಲಿ ಒಬ್ಬ ತಾತ ನಾಯಿ ಹಿಡ್ಕೊಂಡು ದಾಟ್ತಿದ್ರು. ನಿಂತೆ. ಹನ್ನೊಂದು ಸೆಕೆಂಡ್ ಹೋಯ್ತು. ಇನ್ನೂ ಸಿಟ್ಟು ಬರ್ತಿದೆ."

ಏನು ಉತ್ತರ ಬರೆಯುವುದೆಂದು ಬಹಳ ಹೊತ್ತು ಯೋಚಿಸಿದೆ. ಕೊನೆಗೆ ಜೈ ಭೀಮ್ ಅಂತ ಮಾತ್ರ ಕಳಿಸಿದೆ.

ಭವತು ಸಬ್ಬ ಮಂಗಲಂ.