ತಂತಿಯ ಸಂಕಲ್ಪ

ಹೊಯ್ಸಳರ ಮೂಲಸ್ಥಾನ ಚಿಕ್ಕಮಗಳೂರು ಜಿಲ್ಲೆ ಮೂಡಿಗೆರೆ ತಾಲ್ಲೂಕಿನ ಅಂಗಡಿ. ಅಲ್ಲಿನ ಐತಿಹ್ಯದಲ್ಲಿ, ಮೇಲೆರಗಿದ ಹುಲಿಯನ್ನು ಹೊಡೆಯೆಂದು ಆ ವಂಶದ ಮೂಲಪುರುಷ ಸಳನಿಗೆ ಹೇಳಿದವರು ಒಬ್ಬ ಜೈನ ಮುನಿ. ಅಹಿಂಸಾವ್ರತಿಯ ಬಾಯಲ್ಲಿ ಆ ಮಾತು ಬರಬಹುದೇ? ಗೃಹಸ್ಥನ ಮಟ್ಟಿಗೆ ಜೈನ ಚಿಂತನೆ ಇದನ್ನು ಬಿಡಿಸಿಟ್ಟಿದೆ. ಮನೆಗೆಲಸದಲ್ಲಿ ಆಗುವುದು ಆರಂಭಿ ಹಿಂಸೆ, ಬೇಸಾಯ ವ್ಯಾಪಾರಗಳಲ್ಲಿ ಆಗುವುದು ಉದ್ಯೋಗಿ, ಪ್ರಾಣರಕ್ಷಣೆಗೆ ಮಾಡುವುದು ವಿರೋಧಿ, ಬೇಕೆಂದೇ ಮಾಡುವುದು ಸಂಕಲ್ಪಿ. ಗೃಹಸ್ಥ ಪೂರಾ ಬಿಡಬೇಕಾದದ್ದು ಕೊನೆಯದನ್ನು. ಸಳನ ಏಟು ವಿರೋಧಿ ಹಿಂಸೆ. ಹುಲಿ ಎದುರಿಗಿತ್ತು, ಬೇರೆ ದಾರಿ ಇರಲಿಲ್ಲ.

ಈ ವಿಂಗಡಣೆ ಇವತ್ತಿನ ಕಾಫಿ ತೋಟದ ಬೇಲಿಗೂ ಬೇಕು. ದನ ತಡೆಯಲು ಕತ್ತಾಳೆ, ಮುಳ್ಳು, ಒಂದು ಉಣುಗೋಲು ಸಾಕಿದ್ದ ಕಡೆ ಈಗ ಆನೆ, ಕಾಡುಹಂದಿ ಬರುತ್ತಿವೆ. ಊರಲ್ಲಿ ಐಬೆಕ್ಸ್ ಎನ್ನುವ ಸೋಲಾರ್ ಬೇಲಿಯಲ್ಲಿ ಸಾವಿರಾರು ವೋಲ್ಟ್ ಹರಿದರೂ ಅದು ಸೆಕೆಂಡಿನ ಚೂರು ಹೊತ್ತು ಮಾತ್ರ. ಮುಂದಿನ ಹೊಡೆತಕ್ಕೆ ಮೊದಲು ಸಿಗುವ ಬಿಡುವಿನಲ್ಲಿ ಪ್ರಾಣಿ ಹಿಂದೆ ಸರಿಯಬಹುದು. ಅದೇ ತಂತಿಗೆ ಮನೆಯ 230 ವೋಲ್ಟ್ ಕರೆಂಟು ಕೊಟ್ಟರೆ ಆ ಬಿಡುವಿಲ್ಲ. ಸ್ನಾಯು ಬಿಗಿದುಕೊಳ್ಳುತ್ತದೆ, ಜೀವ ಹೋಗುತ್ತದೆ. ಕ್ಲಚ್ ವೈರಿನ ಉರುಳೂ ಹಾಗೆಯೇ, ಚಿರತೆ ಎಳೆದಷ್ಟೂ ಬಿಗಿಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಉರುಳನ್ನು ಬೇಟೆಯೆಂದೇ ಎಣಿಸುತ್ತದೆ. ಆತ್ಮರಕ್ಷಣೆಗೆ ಸದುದ್ದೇಶದಿಂದ ಕೊಂದದ್ದನ್ನು ಅಪರಾಧ ಎನ್ನುವುದಿಲ್ಲ. ಕಾನೂನು ಎಳೆದ ಗೆರೆಯೂ ಮುನಿಯ ಗೆರೆಯೂ ಇಲ್ಲಿ ಒಂದೇ.

‘ನಾನು ಕೊಲ್ಲಲು ಹಾಕಿದ್ದಲ್ಲ, ಗದ್ದೆ ಉಳಿಸಿಕೊಳ್ಳಲು ಹಾಕಿದ್ದು’ ಎನ್ನುವ ರೈತನ ಸಂಕಟ ಸುಳ್ಳಲ್ಲ. ಈ ಸೀಮೆಯಲ್ಲಿ ಆನೆ ತುಳಿದು ಸತ್ತವರಿದ್ದಾರೆ. 2022ರಲ್ಲಿ ಸರ್ಕಾರ ಚಿಕ್ಕಮಗಳೂರಿಗೂ ಆನೆ ಕಾರ್ಯಪಡೆ ಕೊಡಬೇಕಾಗಿ ಬಂತು. ಆದರೆ ಸಂಜೆ ಸ್ವಿಚ್ ಹಾಕಿ ಮಲಗಿದವನ ಎದುರಿಗೆ ಯಾವ ವೈರಿಯೂ ಇಲ್ಲ. ಯಾರು ಬರುತ್ತಾರೋ ನೋಡದೆ ಸಾವನ್ನು ಮೊದಲೇ ಕಟ್ಟಿಟ್ಟದ್ದು ಸಂಕಲ್ಪವೇ. ಮುಂಜಾನೆ ತೋಟದ ಕೂಲಿಯವರ ಲೈನ್ ಮನೆಯಿಂದ ಸೌದೆಗೆ ಹೊರಟ ಹೆಂಗಸಿನ ಕೈಯನ್ನೂ ಆ ತಂತಿ ಬೇರೆಯೆಂದು ತಿಳಿಯದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಒಳ್ಳೆಯ ಬೇಲಿಯೂ ಆನೆಯನ್ನು ಇಲ್ಲವಾಗಿಸುವುದಿಲ್ಲ, ಬೇಲಿಗೆ ದುಡ್ಡಿಲ್ಲದ ಪಕ್ಕದ ಬಡವನ ಗದ್ದೆಗೆ ತಿರುಗಿಸುತ್ತದೆ. ಇದನ್ನು ಒಪ್ಪಲೇಬೇಕು. ಹಾಗೆಂದು ಕೊಲ್ಲುವ ತಂತಿಗೆ ಅದರಿಂದ ಸಮರ್ಥನೆ ಸಿಗುವುದಿಲ್ಲ. ದೊಡ್ಡ ತೋಟದವರ ಹೊಣೆ ತಮ್ಮ ಗಡಿಗೆ ಮುಗಿಯುವುದಿಲ್ಲ ಎಂದಷ್ಟೇ ಆಗುತ್ತದೆ. ಅವರು ಆನೆ ಓಡಾಡುವ ದಾರಿಯನ್ನು ಮುಚ್ಚದೆ ಬಿಟ್ಟು, ಕೆಳಗಿನ ಗದ್ದೆಗಳನ್ನೂ ಸೇರಿಸಿ ಒಟ್ಟಾಗಿ ಬೇಲಿ ಎಳೆಯಬೇಕು, ಅದರ ಖರ್ಚಿನಲ್ಲಿ ಹೆಚ್ಚಿನ ಪಾಲು ಹೊರಬೇಕು.