ನಾರಣಪ್ಪನ ಹೆಣ ಯಾರ ಪಾಲಿಗೆ?



ನಮಗಿಂತ ಬೇರೆ ರೀತಿ ಬದುಕುವವರನ್ನು ಒಪ್ಪಿಕೊಳ್ಳುವುದು ಅಂದರೆ ಏನು? ಅವರು ಮಾಡುವುದೆಲ್ಲ ಸರಿ ಅನ್ನಬೇಕಾ? ಈ ಪ್ರಶ್ನೆ ನನ್ನನ್ನು ಕಾಡಿದ್ದು ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಓದಿದಾಗ. 1965ರ ಕಾದಂಬರಿ. 1970ರಲ್ಲಿ ಸಿನಿಮಾ ಕೂಡ ಆಯಿತು, ಗಿರೀಶ್ ಕಾರ್ನಾಡ್ ಪ್ರಾಣೇಶಾಚಾರ್ಯರ ಪಾತ್ರ ಮಾಡಿದ್ದಾರೆ.

ದೂರ್ವಾಸಪುರ ಎಂಬ ಅಗ್ರಹಾರದಲ್ಲಿ ನಾರಣಪ್ಪ ಸಾಯುತ್ತಾನೆ. ಹುಟ್ಟಿನಿಂದ ಬ್ರಾಹ್ಮಣ. ಆದರೆ ಕುಡಿಯುತ್ತಿದ್ದ, ಮಾಂಸ ತಿನ್ನುತ್ತಿದ್ದ, ಚಂದ್ರಿ ಎಂಬ ಸೂಳೆಯ ಜೊತೆ ಸಂಸಾರ ಮಾಡಿಕೊಂಡಿದ್ದ, ದೇವಸ್ಥಾನದ ಕೊಳದ ಮೀನನ್ನೂ ಹಿಡಿದಿದ್ದ. ಊರವರನ್ನು ಕೆಣಕುವುದೆಂದರೆ ಅವನಿಗೆ ಖುಷಿ. ಈಗ ಅವನ ಹೆಣ ಸುಡುವವರು ಯಾರು? ಸುಡುವ ತನಕ ಯಾರೂ ಊಟ ಮಾಡುವಂತಿಲ್ಲ, ಸುಟ್ಟರೆ ತಾವೂ ಕೆಡುತ್ತೇವೆಂಬ ಭಯ. ಪಾರಿಜಾತಪುರದವರನ್ನು ಕೇಳುತ್ತಾರೆ, ಕೈಮರಕ್ಕೆ ಹೋಗುತ್ತಾರೆ, ಮಠಕ್ಕೂ ಹೋಗುತ್ತಾರೆ. ಪ್ರಾಣೇಶಾಚಾರ್ಯರು ಓಲೆಗರಿಗಳನ್ನು ಹುಡುಕಿ, ಕೊನೆಗೆ ಮಾರುತಿಯನ್ನೇ ಕೇಳುತ್ತಾರೆ. ಉತ್ತರ ಸಿಗುವುದಿಲ್ಲ. ಹೆಣ ನಾರತೊಡಗುತ್ತದೆ.

ನಾನು ಐಟಿ ಸಪೋರ್ಟ್‌ನಲ್ಲಿದ್ದೇನೆ. ಕೆಲವು ಟಿಕೆಟ್‌ಗಳ ಹಣೆಬರಹವೂ ಹೀಗೇ. ‘ಇದು ನಮ್ಮದಲ್ಲ’ ಎಂದು ನೆಟ್‌ವರ್ಕ್ ಟೀಮ್ ಸರ್ವರ್ ಟೀಮಿಗೆ ಕಳಿಸುತ್ತದೆ, ಅವರು ಇನ್ನೊಬ್ಬರಿಗೆ. ನಿಯಮದ ಪ್ರಕಾರ ಎಲ್ಲರೂ ಸರಿ. ಕೆಲಸ ನಿಂತವನು ಮಾತ್ರ ಕಾಯುತ್ತಲೇ ಇರುತ್ತಾನೆ.

ಪ್ರಾಣೇಶಾಚಾರ್ಯರು ಕೆಟ್ಟವರಲ್ಲ ಅನ್ನುವುದೇ ಇಲ್ಲಿ ಮುಖ್ಯ. ಹಾಸಿಗೆ ಹಿಡಿದ ಹೆಂಡತಿಯ ಸೇವೆ ಮಾಡಿಕೊಂಡು ಬಂದವರು. ಅಂಥ ಒಳ್ಳೆಯವರೂ ಅನುಮತಿಗಾಗಿ ಕಾಯುತ್ತಾ ಕೂತರು. ಚಂದ್ರಿ ಕಾಯಲಿಲ್ಲ. ಖರ್ಚಿಗೆಂದು ಮೈಮೇಲಿನ ಚಿನ್ನ ಬಿಚ್ಚಿಟ್ಟವಳು, ಅದೂ ಆಗದಿದ್ದಾಗ ರಾತ್ರಿ ಅಹ್ಮದ್ ಬ್ಯಾರಿಯ ಹತ್ತಿರ ಹೋದಳು. ಅವನು ಗಾಡಿ ಕಟ್ಟಿಕೊಂಡು ಬಂದು ಹೆಣ ಸುಟ್ಟ.

ಅವನಿಗೆ ಯಾಕೆ ಸಾಧ್ಯವಾಯಿತು? ಹಿಂದೆ ಕೈ ಬರಿದಾಗಿದ್ದಾಗ ಎತ್ತು ಕೊಳ್ಳಲು ಹಣ ಕೊಟ್ಟವನು ಇದೇ ನಾರಣಪ್ಪ. ಋಣ ಇತ್ತು, ಅದಕ್ಕೇ ಸುಲಭವಾಯಿತು ಎಂದು ನೀವು ಹೇಳಬಹುದು. ನಿಜ. ಆದರೆ ಅಗ್ರಹಾರಕ್ಕೆ ಗೊತ್ತಿದ್ದದ್ದು ನಾರಣಪ್ಪನ ತಪ್ಪುಗಳ ಪಟ್ಟಿ ಮಾತ್ರ, ಬ್ಯಾರಿಗೆ ಗೊತ್ತಿದ್ದದ್ದು ನಾರಣಪ್ಪ. ನಾರಣಪ್ಪ ಬದುಕಿದ್ದು ಸರಿಯೋ ತಪ್ಪೋ ಎಂದು ತೀರ್ಮಾನಿಸಿ ಅವನು ಗಾಡಿ ಕಟ್ಟಲಿಲ್ಲ. ಒಪ್ಪಿಕೊಳ್ಳುವುದು ಅಂದರೆ ಇಷ್ಟೇ ಅನ್ನಿಸುತ್ತದೆ: ಅವನ ದಾರಿಗೆ ಹೂಂ ಅನ್ನದೆಯೂ ಅವನ ಕಷ್ಟಕ್ಕೆ ನಿಲ್ಲುವುದು.

ಎರುಮೇಲಿಯಲ್ಲಿ ವಾವರ್ ಸ್ವಾಮಿಯ ಮಸೀದಿಗೆ ಹೋಗಿ ನಮಸ್ಕರಿಸುವುದು ನಮಗೆ ಕಷ್ಟವಲ್ಲ. ಅವರು ನಮ್ಮ ಅಯ್ಯಪ್ಪನ ಗೆಳೆಯ. ಕಷ್ಟ ಇರುವುದು ಪುಣೆಯಲ್ಲೋ ಹೈದರಾಬಾದಿನಲ್ಲೋ ನಮ್ಮ ಬಾಡಿಗೆ ರೂಮಿನಲ್ಲಿ. ಪಕ್ಕದ ಮಂಚದವನು ನಮ್ಮ ಕಪ್ಪು ಬಟ್ಟೆ ನೋಡಿ ನಗುತ್ತಾನೆ, ವ್ರತದ ದಿನಗಳಲ್ಲೇ ಬಿರಿಯಾನಿ ತರಿಸುತ್ತಾನೆ. ಅವನು ನಮ್ಮ ಪಾಲಿನ ನಾರಣಪ್ಪ. ವ್ರತ ಬಿಡಬೇಕಾಗಿಲ್ಲ, ಅವನ ತಟ್ಟೆಯಲ್ಲಿ ಉಣ್ಣಬೇಕಾಗಿಯೂ ಇಲ್ಲ. ಆದರೆ 41 ದಿನಗಳ ವ್ರತ ನಾನು ನನ್ನನ್ನು ಅಳೆದುಕೊಳ್ಳಲು ತೊಟ್ಟದ್ದು, ಅವನನ್ನು ಅಳೆಯಲು ಅಲ್ಲ. ನಡುರಾತ್ರಿ ಅವನಿಗೆ ಜ್ವರ ಬಂದರೆ ಮೊದಲು ಆಟೋ ಕರೆಯೋಣ. ಮಡಿಯ ಪ್ರಶ್ನೆಯನ್ನು ಬೆಳಿಗ್ಗೆ ಗುರುಸ್ವಾಮಿಗಳನ್ನು ಕೇಳಿದರಾಯಿತು.

ಸ್ವಾಮಿಯೇ ಶರಣಂ ಅಯ್ಯಪ್ಪ.